ಹಿಡಿ ಅಕ್ಕಿಯ ಪಾಲು

ಹಾಡಿನ ಎರಡನೆಯ ಚರಣದಲ್ಲಿ ನನ್ನ ತಮ್ಮ ನಿಲ್ಲಿಸಿದ.

ಸಭೆ ಹಾಡುತ್ತಲೇ ಇತ್ತು. ಹೈದರಾಬಾದಿನ ನಾರಾಯಣಗೂಡದ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಸಮುವೇಲ ಹಾಡನ್ನು ಎತ್ತಿಕೊಟ್ಟರೆ ಉಳಿದವರು ಹಿಡಿದುಕೊಳ್ಳುವುದು ರೂಢಿ. ಅವನ ದನಿ ಬಿದ್ದುಹೋದದ್ದು ಯಾರಿಗೂ ಕೂಡಲೇ ತಿಳಿಯಲಿಲ್ಲ. ನನಗೆ ತಿಳಿಯಿತು. ತಲೆಯೆತ್ತಿ ನೋಡಿದರೆ ಅವನು ಮುಂದಿನ ಬೆಂಚನ್ನು ಹಿಡಿದುಕೊಂಡು ಬಾಯಿ ತೆರೆದು ನಿಂತಿದ್ದ. ಬಲಗೈ ಪಕ್ಕೆಯ ಮೇಲಿತ್ತು. ಉಸಿರು ಅರ್ಧ ದಾರಿಗೆ ಹೋಗಿ ಹಿಂದಕ್ಕೆ ಬರುತ್ತಿತ್ತು. ಆಮೇಲೆ ಮೆಲ್ಲಗೆ ಕುಳಿತ.

ಆರಾಧನೆ ಮುಗಿದ ಮೇಲೆ ಹತ್ತಿರ ಹೋದೆ.

"ಏನಾತೋ?"

"ಏನಿಲ್ಲಕ್ಕಾ. ಧೂಳ ಕುಡದೀನಿ. ಉಪ್ಪಲ್‌ನ್ಯಾಗ ಎಲ್ಲಿ ನೋಡಿದ್ರೂ ಕಟ್ಟಾಕತ್ತಾರ."

"ಜ್ವರಾ ಐತೇನು?"

"ಸಂಜಿಗೆ ಬರತೈತಿ. ಮುಂಜಾನಿಗೆ ಹೋಗತೈತಿ."

"ಎಷ್ಟ ದಿನಾತು?"

ಅವನು ಹಾಡಿನ ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕಿಕೊಂಡ. ಅಂಗಿಯ ಕಾಲರು ಕುತ್ತಿಗೆಯನ್ನು ಮುಟ್ಟದೆ ದೂರ ನಿಂತಿತ್ತು. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಕೊರೆದಿದ್ದ. ಇವನ್ನೆಲ್ಲ ನಾನು ಆ ದಿನ ಮೊದಲ ಸಲ ಕಂಡದ್ದಲ್ಲ. ಹಲವು ಭಾನುವಾರಗಳಿಂದ ಕಾಣುತ್ತಿದ್ದೆ. ಕಂಡೂ ಸುಮ್ಮನಿದ್ದೆ.

ಯಾಕೆ ಸುಮ್ಮನಿದ್ದೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಆರನೆಯ ತರಗತಿ. ಬರೆದು ಅಭ್ಯಾಸವಿಲ್ಲ. ಆದರೆ ಕಾಯಿಲೆ ಬಂದು ಹೋದ ಮೇಲೆ ಎಲ್ಲರೂ ಕಾಯಿಲೆಯ ಕಥೆಯನ್ನಷ್ಟೇ ಕೇಳುತ್ತಾರೆ, ಅದು ಯಾವ ಬಾಗಿಲಿನಿಂದ ಒಳಗೆ ಬಂತು ಎಂದು ಕೇಳುವುದಿಲ್ಲ. ಆ ಬಾಗಿಲು ನನ್ನದು.

ನಮ್ಮ ಹಿರಿಯರು ಗದಗಿನ ಪಕ್ಕದ ಬೆಟಗೇರಿಯವರು. ಅಪ್ಪ ಹೈದರಾಬಾದಿನ ಒಂದು ಸರ್ಕಾರಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವರಾಗಿದ್ದರು. ಅವ್ವ ಹಾಸಿಗೆ ಹಿಡಿದಾಗ ನಾನು ಶಾಲೆ ಬಿಟ್ಟು ಒಲೆಯ ಮುಂದೆ ಕುಳಿತೆ. ನಾನು ಬಿಟ್ಟ ಓದನ್ನು ಸಮುವೇಲ ಓದಿದ. ಅಪ್ಪ ಅವ್ವ ಇಬ್ಬರೂ ತೀರಿಕೊಂಡ ಮೇಲೆ ಅಮೀರ್‌ಪೇಟ್‌ನಲ್ಲಿ ಬಾಡಿಗೆ ಮನೆ ಹಿಡಿದು ಮೆಸ್ ಹಾಕಿದೆ. ಆಗ ಎಲ್ಲಿ ನೋಡಿದರೂ ಸಾಫ್ಟ್‌ವೇರಿನ ಮಾತು. ಗೋಡೆಗಳು ಕಾಣದಷ್ಟು ಕೋರ್ಸುಗಳ ಬ್ಯಾನರುಗಳು. ಹುಬ್ಬಳ್ಳಿ, ಗುಲಬರ್ಗಾ, ದಾವಣಗೆರೆಯಿಂದ ಬಂದ ಹುಡುಗರು ನನ್ನಲ್ಲಿ ರೊಟ್ಟಿ ಉಂಡು ಕ್ಲಾಸಿಗೆ ಓಡುತ್ತಿದ್ದರು. "ಆಂಟಿ, ಪಲ್ಯಾದಾಗ ಬದನಿಕಾಯಿ ಎಲ್ಲೈತಿ, ಸರ್ಚ್ ಹೊಡಿಬೇಕೇನ?" ಎಂದು ಕಾಡುತ್ತಿದ್ದರು. ಸಮುವೇಲನೂ ಅಂಥದೇ ಒಂದು ಕೋರ್ಸು ಕಲಿತು ಟೆಸ್ಟಿಂಗ್ ಕೆಲಸಕ್ಕೆ ಸೇರಿದ. ಬೆಳಿಗ್ಗೆ ಕಂಪನಿಯ ಬಸ್ಸು ನಮ್ಮ ಓಣಿಯ ಮೂಲೆಗೆ ಬರುತ್ತಿತ್ತು. ನನಗೆ ಬಾಗಿಲಲ್ಲಿ ಏನೂ ಕೆಲಸವಿಲ್ಲದಿದ್ದರೂ ಆ ಹೊತ್ತಿಗೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ.

ರಜೆಯ ದಿನ ಅವನು ಸಭೆಯವರ ಜೊತೆ ಉಪ್ಪಲ್‌ಗೆ ಹೋಗುತ್ತಿದ್ದ. ಅಲ್ಲಿ ದೊಡ್ಡ ದೊಡ್ಡ ಕಟ್ಟಡಗಳು ಏಳುತ್ತಿದ್ದವು. ಅವುಗಳ ಬುಡದಲ್ಲಿ ತಗಡಿನ ಶೆಡ್ಡುಗಳು. ಶೆಡ್ಡುಗಳಲ್ಲಿ ರಾಯಚೂರು, ಕೊಪ್ಪಳ ಕಡೆಯಿಂದ ದುಡಿಯಲು ಬಂದ ನಮ್ಮ ಮಂದಿ. ಅವರಿಗೆ ತೆಲುಗು ಬಾರದು. ಕಾಯಿಲೆಯಾದರೆ ಆಸ್ಪತ್ರೆಗೆ ಕರೆದೊಯ್ಯಲು, ಮಕ್ಕಳಿಗೆ ಅಕ್ಷರ ಹೇಳಿಕೊಡಲು, ಸತ್ತರೆ ಹೂಳಲು ಕನ್ನಡದ ಒಬ್ಬ ಮನುಷ್ಯ ಬೇಕಾಗಿತ್ತು. ಒಂದು ಭಾನುವಾರ ಅವನು ಅಲ್ಲಿಂದ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತ.

"ಅಕ್ಕಾ, ಕೆಲಸಾ ಬಿಟ್ಟೆ."

"ಬಿಡ್ತೀನಿ ಅಂದ್ಯಾ, ಬಿಟ್ಟೆ ಅಂದ್ಯಾ?"

"ಬಿಟ್ಟೆ. ಕರ್ತ ನನ್ನ ಆ ಮಂದಿ ಕಡೆ ಕರದಾನ. ಅಲ್ಲೇ ಖೋಲಿ ಹಿಡದು ಇರತೀನಿ."

"ಪಗಾರಾ ಯಾರ ಕೊಡ್ತಾರ?"

"ಕರದವನ ನೋಡ್ಕೋತಾನ."

"ಅವ ನನಗೂ ಗೊತ್ತಿದ್ದಾವನ. ಒಂದನೇ ತಾರೀಖಿಗೆ ಕೊಡ್ತಾನೇನು?"

ಅವನು ನಕ್ಕ. ಆ ನಗು ನನ್ನ ಸಿಟ್ಟಿಗೆ ತುಪ್ಪ ಸುರಿಯಿತು. ಆಮೇಲೆ ಅವನು ತನ್ನ ನಿರ್ಧಾರವನ್ನು ಹೇಳಿದ. ನಮ್ಮಲ್ಲಿ ಕ್ರಿಸ್ತನ ಮಾತು ಸಾರುವ ಹಳೆಯ ಸುವಾರ್ತಿಕರು ಕೆಲವರು ಹೀಗೆ ನಡೆದಿದ್ದಾರೆ: ತಮ್ಮ ಕೊರತೆಯನ್ನು ಪ್ರಾರ್ಥನೆಯಲ್ಲಿ ಹೇಳುತ್ತಾರೆಯೇ ಹೊರತು ಮನುಷ್ಯರ ಮುಂದೆ ಬಾಯಿ ಬಿಡುವುದಿಲ್ಲ. ಬೇಕಾದದ್ದನ್ನು ದೇವರು ಯಾರದಾದರೂ ಮನಸ್ಸಿನಲ್ಲಿ ಹಾಕಿ ಕಳಿಸುತ್ತಾನೆ ಎಂಬ ನಂಬಿಕೆ. ತಾನೂ ಹಾಗೇ ಇರುವೆನೆಂದ.

"ಹಂಗಾದ್ರ ಕೇಳಿಸ್ಕೋ," ಎಂದೆ. "ನೀ ಬಾಯಿ ಬಿಟ್ಟ ಕೇಳೂತನಕ ನಾನೂ ಕೊಡೂದಿಲ್ಲ. ಯಾರ ಹಟ ದೊಡ್ಡದು ನೋಡೂಣು."

ಅವನು ತನ್ನ ಬ್ಯಾಗು ಎತ್ತಿಕೊಂಡು ಹೋದ.

ಇಷ್ಟೇ ಆಗಿದ್ದರೆ ಅದು ಅಕ್ಕ ತಮ್ಮನ ಜಗಳ. ನಾನು ಮಾಡಿದ್ದು ಇಷ್ಟೇ ಅಲ್ಲ.

ನಮ್ಮ ಸಭೆಯ ಹೆಂಗಸರಲ್ಲಿ ಹಿಡಿ ಅಕ್ಕಿಯ ಪದ್ಧತಿಯಿದೆ. ಮನೆಯಲ್ಲಿ ಅನ್ನಕ್ಕೆ ಅಕ್ಕಿ ತೆಗೆದಾಗಲೆಲ್ಲ ಒಂದು ಹಿಡಿಯನ್ನು ಬೇರೆ ಚೀಲಕ್ಕೆ ಹಾಕುವುದು. ಅದು ದೇವರ ಅಕ್ಕಿ. ಭಾನುವಾರ ಅದನ್ನು ತಂದು ಸಭೆಯ ಹಿಂದಿನ ಕೋಣೆಯ ಡ್ರಮ್ಮಿಗೆ ಸುರಿಯುತ್ತಾರೆ. ತಿಂಗಳ ಕೊನೆಗೆ ಅದನ್ನು ಪಾಲು ಮಾಡಿ ವಿಧವೆಯರಿಗೆ, ಕಾಯಿಲೆಯವರಿಗೆ, ದೇವರ ಸೇವೆಯಲ್ಲಿರುವವರಿಗೆ ಕಳಿಸುತ್ತಾರೆ. ಮೆಸ್ ನಡೆಸುವವಳು, ಅಳತೆ ಬಲ್ಲವಳು ಎಂದು ಪಾಲು ಮಾಡುವ ಕೆಲಸ ನನಗೆ ಬಂದಿತ್ತು. ಸಮುವೇಲ ಕೆಲಸ ಬಿಟ್ಟ ಮರುತಿಂಗಳೇ ನಮ್ಮ ಹೆಂಗಸರ ಕೂಟದ ಹಿರಿಯರಾದ ಎಸ್ತೇರಬಾಯಿ ನನ್ನ ಪಕ್ಕಕ್ಕೆ ಬಂದು ನಿಂತರು.

"ಸುಶೀಲಾ, ಇನ್ನ ಮ್ಯಾಲೆ ಸಮುವೇಲಪ್ಪಗ ಒಂದು ಪಾಲ ಹೋಗಲಿ. ಪ್ರಾರ್ಥನಾದಾಗ ಅವನ ಹೆಸರ ನನ್ನ ಮನಸಿಗೆ ಬಂತು."

ಕಂಪನಿಯ ಬಸ್ಸು ಹತ್ತುತ್ತಿದ್ದ ನನ್ನ ತಮ್ಮ ವಿಧವೆಯರ ಸಾಲಿನಲ್ಲಿ ಅಕ್ಕಿ ತೆಗೆದುಕೊಳ್ಳುವುದೇ?

"ಬ್ಯಾಡ ಬಿಡ್ರಿ," ಎಂದೆ. "ಅವ ನನ್ನಲ್ಲೇ ಉಣ್ತಾನ."

ಮೊದಲ ಸಲ ಅದು ಮಾನಕ್ಕಾಗಿ ಹೇಳಿದ ಸುಳ್ಳು. ಮುಂದಿನ ತಿಂಗಳು ಅವರು ಮತ್ತೆ ಕೇಳಿದರು. ಆಗ ಮಾನದ ಜೊತೆಗೆ ಇನ್ನೊಂದು ಸೇರಿತ್ತು. ಹಸಿದರೆ ತಾನಾಗಿ ಕೆಲಸಕ್ಕೆ ಮರಳುತ್ತಾನೆ ಎಂಬ ಲೆಕ್ಕ. ಎಸ್ತೇರಬಾಯಿ ಕೇಳುತ್ತ ಹೋದರು, ನಾನು ಅದೇ ಮಾತು ಹೇಳುತ್ತ ಹೋದೆ. ಭಾನುವಾರಗಳಲ್ಲಿ ಅವನ ಕಾಲರು ಸಡಿಲವಾಗುತ್ತಿದ್ದುದನ್ನು ನೋಡಿ ನನ್ನೊಳಗೆ ಎಲ್ಲೋ ಒಂದು ಕಡೆ, ಇನ್ನೇನು ಕೇಳುತ್ತಾನೆ ಎಂಬ ಸಮಾಧಾನವೂ ಆಗುತ್ತಿತ್ತು. ಇದನ್ನು ಬರೆಯುವಾಗ ಕೈ ಹಿಂದೇಟು ಹಾಕುತ್ತದೆ. ಆದರೂ ಬರೆದಿದ್ದೇನೆ.

ಹಾಡು ನಿಂತ ಆ ಭಾನುವಾರ ಅವನನ್ನು ಆಟೋದಲ್ಲಿ ಕೂರಿಸಿಕೊಂಡು ನೇರ ಆಸ್ಪತ್ರೆಗೆ ಹೋದೆ. ದಾರಿಯುದ್ದಕ್ಕೂ ಅವನು ಎಡಕ್ಕೆ ವಾಲಲಾರದೆ ಬಲಕ್ಕೆ ಒರಗಿ ಕುಳಿತಿದ್ದ. ಎಕ್ಸ್‌ರೇ ತೆಗೆದರು. ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದರು. ಎಡಗಡೆ ಕಪ್ಪಗೆ, ಪಕ್ಕೆಲುಬುಗಳು ಎಣಿಸುವಷ್ಟು ಸ್ಪಷ್ಟ. ಬಲಗಡೆ ಅರ್ಧದಿಂದ ಕೆಳಗೆ ಸುಣ್ಣ ಬಳಿದಂತೆ ಬೆಳ್ಳಗೆ.

"ಪ್ಲೂರಲ್ ಎಫ್ಯೂಷನ್," ಎಂದರು. ನಾನು ಮುಖ ನೋಡಿದ್ದಕ್ಕೆ ತೆಲುಗಿನಲ್ಲಿ ಬಿಡಿಸಿ ಹೇಳಿದರು: ಪುಪ್ಪುಸದ ಹೊರಗೆ ನೀರು ತುಂಬಿದೆ, ಅದು ಪುಪ್ಪುಸವನ್ನು ಒತ್ತುತ್ತಿದೆ.

ಬೆನ್ನಿನಲ್ಲಿ ಸೂಜಿ ಹಾಕಿ ನೀರು ತೆಗೆದರು. ಅವನು ಮೇಜಿನ ಮೇಲೆ ದಿಂಬಿಟ್ಟುಕೊಂಡು ಅದರ ಮೇಲೆ ತಲೆಯಿಟ್ಟು ಕುಳಿತಿದ್ದ. ಅಂಗಿ ತೆಗೆದ ಬೆನ್ನನ್ನು ನಾನು ಆಗ ನೋಡಿದೆ. ಸಣ್ಣವನಿದ್ದಾಗ ಅವನಿಗೆ ನೀರೆರೆದವಳು ನಾನು. ಆ ಬೆನ್ನು ನನಗೆ ಗುರುತು ಸಿಗಲಿಲ್ಲ.

ನೀರು ಒಣಹುಲ್ಲಿನ ಬಣ್ಣದ್ದಿತ್ತು. ಪರೀಕ್ಷೆಗೆ ಕಳಿಸಿದರು. ಕಫವನ್ನೂ ಕಳಿಸಿದರು.

ಟಿಬಿ.

ಕಫದಲ್ಲಿ ಏನೂ ಇರಲಿಲ್ಲ. ಇದು ಇನ್ನೊಬ್ಬರಿಗೆ ಸುಲಭವಾಗಿ ಹರಡುವಂಥದ್ದಲ್ಲ, ಮಾತ್ರೆ ತಪ್ಪದೆ ನುಂಗಿದರೆ ವಾಸಿಯಾಗುತ್ತದೆ ಎಂದರು ಡಾಕ್ಟರಮ್ಮ. ಆಮೇಲೆ ತೂಕದ ಚೀಟಿಯನ್ನು ಇನ್ನೊಮ್ಮೆ ನೋಡಿ ನನ್ನನ್ನು ಕೇಳಿದರು, "ಈಯನ ಏಂ ತಿಂಟುನ್ನಾರಮ್ಮಾ?" ಏನು ತಿನ್ನುತ್ತಿದ್ದಾರೆ ಇವರು?

ದಿನವೂ ಕೊಪ್ಪರಿಗೆಗಟ್ಟಲೆ ಬೇಯಿಸುವವಳು ನಾನು ಎಂದು ಹೇಗೆ ಹೇಳಲಿ?

ಹಾಸಿಗೆಯ ಮೇಲಿಂದ ಸಮುವೇಲ ತೆಲುಗಿನಲ್ಲೇ ಹೇಳಿದ, "ಅಕ್ಕ ಊಟಕ್ಕೆ ಏನೂ ಕಡಿಮೆ ಮಾಡಿಲ್ಲ ಡಾಕ್ಟರ್. ನಾನೇ ಸರಿಯಾಗಿ ತಿಂದಿಲ್ಲ."

ಅವನು ನನ್ನ ಮಾನ ಉಳಿಸಿದ. ನಾನು ಸುಮ್ಮನೆ ನಿಂತು ಉಳಿಸಿಕೊಂಡೆ.

ಅವನನ್ನು ನನ್ನ ಮನೆಗೇ ಕರೆತಂದೆ. ಹಿಂದಿನ ಕೋಣೆಯಲ್ಲಿ ಹಾಸಿಗೆ ಹಾಕಿದೆ. ಮೊಟ್ಟೆ, ಹಾಲು, ಶೇಂಗಾ, ಬೇಳೆ, ಏನೆಲ್ಲ ಹೇಳಿದ್ದರೋ ಅದೆಲ್ಲ. ತಿಂಗಳುಗಟ್ಟಲೆ ಕೊಡದ್ದನ್ನು ಒಂದೇ ವಾರದಲ್ಲಿ ತುರುಕುವವಳಂತೆ ಬೆನ್ನು ಹತ್ತಿದೆ. ಅವನು ಮರುಮಾತಿಲ್ಲದೆ ತಿನ್ನುತ್ತಿದ್ದ. ಜ್ವರ ಇಳಿಯಿತು. ಮೆಸ್ಸಿನ ಹುಡುಗರಿಗೆ ವಿಷಯ ತಿಳಿದು ಕೆಲವರು ಬೇರೆ ಕಡೆ ಊಟಕ್ಕೆ ಹೋದರು. ಡಾಕ್ಟರು ಹೇಳಿದ್ದನ್ನು ಹೇಳಿ ನೋಡಿದೆ. "ಹಂಗಲ್ಲ ಆಂಟಿ, ನಮ್ಮ ಮನ್ಯಾಗ ಅಂಜತಾರ," ಎಂದರು. ಅವರದು ತಪ್ಪೆನ್ನಲಾರೆ.

ಕೆಲವು ವಾರ ಕಳೆದ ಮೇಲೆ ಅವನಿಗೆ ವಾಂತಿ ಶುರುವಾಯಿತು. ಮೊಟ್ಟೆ ಹೆಚ್ಚಾಯಿತೇನೋ ಎಂದು ನಿಲ್ಲಿಸಿದೆ. ವಾಂತಿ ನಿಲ್ಲಲಿಲ್ಲ. ಊಟದ ವಾಸನೆಗೇ ಮುಖ ತಿರುಗಿಸುತ್ತಿದ್ದ. ಬೆಳಿಗ್ಗೆ ಕಿಟಕಿ ತೆರೆದು ಅವನನ್ನು ಎಬ್ಬಿಸಿದಾಗ ಬಿಸಿಲು ಮುಖದ ಮೇಲೆ ಬಿತ್ತು.

ಅವನ ಕಣ್ಣು ಹಳದಿಯಾಗಿತ್ತು.

ಮತ್ತೆ ಅದೇ ಆಸ್ಪತ್ರೆ, ಈ ಸಲ ವಾರ್ಡು. ರಕ್ತ ತೆಗೆದರು, ಡ್ರಿಪ್ ಹಾಕಿದರು. ಲಿವರ್ ಕೆಟ್ಟಿದೆ ಎಂದರು. ಮಾತ್ರೆಯಿಂದ ಕೆಲವರಿಗೆ ಹೀಗಾಗುತ್ತದೆ. ಮೈಯಲ್ಲಿ ಶಕ್ತಿಯಿಲ್ಲದವರಿಗೆ, ಬಹಳ ಕಾಲ ಸರಿಯಾಗಿ ಉಣ್ಣದವರಿಗೆ ಹೆಚ್ಚು. ಡಾಕ್ಟರಮ್ಮ ಇದನ್ನು ಮಾಮೂಲಿ ದನಿಯಲ್ಲೇ ಹೇಳಿದರು.

"ಎಲ್ಲ ಮಾತ್ರೆ ನಿಲ್ಲಿಸುತ್ತೇವೆ. ರಕ್ತದಲ್ಲಿ ಬಿಲಿರುಬಿನ್, ಅಂದರೆ ಕಾಮಾಲೆಯ ಅಂಶ, ಇಳಿಯಬೇಕು. ಇಳಿದ ಮೇಲೆ ಒಂದೊಂದಾಗಿ ಮತ್ತೆ ಕೊಡಬೇಕು."

"ಇಳಿಯದಿದ್ದರೆ?"

"ನೋಡೋಣ," ಎಂದರು.

ಅದಕ್ಕಿಂತ ಕೆಟ್ಟ ಮಾತನ್ನು ನಾನು ಆಸ್ಪತ್ರೆಯಲ್ಲಿ ಕೇಳಿಲ್ಲ.

ಮೆಸ್ಸಿಗೆ ಬೀಗ ಹಾಕಿದೆ. ದಿನವೆಲ್ಲ ವಾರ್ಡಿನ ಹೊರಗಿನ ಬೆಂಚಿನ ಮೇಲೆ. ಲಿವರ್ ಉಳಿಸಿದರೆ ಟಿಬಿಗೆ ಔಷಧವಿಲ್ಲ, ಔಷಧ ಕೊಟ್ಟರೆ ಲಿವರ್ ಇಲ್ಲ. ಅವನು ನಿದ್ದೆಯಲ್ಲಿ ಏನೇನೋ ಗೊಣಗುತ್ತಿದ್ದ. ನಾನು ಪ್ರಾರ್ಥನೆ ಮಾಡಲು ಕಣ್ಣು ಮುಚ್ಚಿದರೆ ಕರ್ತನೇ ಎಂಬ ಮೊದಲ ಮಾತಿನ ಆಚೆ ಹೋಗಲಾಗುತ್ತಿರಲಿಲ್ಲ. ನನ್ನ ತಮ್ಮನಿಗೆ ಬೇಕಾದದ್ದನ್ನು ಕೊಡು ಎಂದು ಯಾವ ಬಾಯಿಂದ ಕೇಳುವುದು? ದೇವರು ಕೊಟ್ಟಿದ್ದನಲ್ಲ. ನಾನೇ ಅದನ್ನು ಪಕ್ಕಕ್ಕೆ ಅಳೆದು ಹಾಕಿದ್ದೆನಲ್ಲ.

ಒಂದು ಬೆಳಿಗ್ಗೆ ಎಸ್ತೇರಬಾಯಿ ಗಂಜಿಯ ಡಬ್ಬಿ ಹಿಡಿದು ಬಂದರು. ಇನ್ನೊಂದು ಕೈಯಲ್ಲಿ ಅಕ್ಕಿಯ ಚೀಲವಿತ್ತು. ಅದನ್ನು ನನ್ನ ಕಾಲ ಬಳಿ ಇಟ್ಟರು.

"ಈ ತಿಂಗಳ ಒಂದು ಪಾಲ ನಿನಗ. ಮೆಸ್ ಮುಚ್ಚೇತಿ, ನೀನರ ಏನ ಉಣ್ತಿ?"

ನಾನು ಅವರನ್ನು ಕೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಅಕ್ಕಿ ತಾನಾಗಿ ಬಂದಿತ್ತು, ನನ್ನ ತಮ್ಮ ಹೇಳುತ್ತಿದ್ದ ಹಾಗೆಯೇ. ಆ ಚೀಲವನ್ನು ನೋಡುತ್ತ ಕುಳಿತಿದ್ದವಳಿಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಕೆಲಸ ಬಿಟ್ಟಾಗಿನಿಂದ ಕಾಯಿಲೆ ಬೀಳುವವರೆಗೆ ಅವನು ನನ್ನಲ್ಲಿ ಒಂದು ದಿನವೂ ಉಂಡಿರಲಿಲ್ಲ ಎಂದೆ. ಬೇಕೆಂದೇ ಪಾಲು ತಪ್ಪಿಸಿದೆ ಎಂದೆ.

ಎಸ್ತೇರಬಾಯಿ ಸೆರಗಿನಿಂದ ಡಬ್ಬಿಯ ಮುಚ್ಚಳ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಅವಗ ಹೇಳೀ ಏನು?"

"ಇಲ್ಲರೀ."

"ಮತ್ತ ಮೊದಲ ನನಗ್ಯಾಕ ಹೇಳ್ತಿ? ಉಪಾಸ ಇದ್ದಾಕಿ ನಾನೇನು?"

ಅಷ್ಟು ಹೇಳಿ ಡಬ್ಬಿಯನ್ನು ಕೈಗಿಟ್ಟು ವಾರ್ಡಿನೊಳಗೆ ಹೋದರು. ಅಕ್ಕಿಯ ಚೀಲವನ್ನು ವಾಪಸು ಒಯ್ಯುತ್ತಾರೇನೋ ಎಂದುಕೊಂಡಿದ್ದೆ. ಒಯ್ಯಲಿಲ್ಲ.

ನಾನು ಕೂಡಲೇ ಹೇಳಲಿಲ್ಲ. ಕಾಯಿಲೆಯವನಿಗೆ ಆಘಾತ ಆಗಬಾರದೆಂದು ನನಗೇ ನೆಪ ಹೇಳಿಕೊಂಡೆ. ಮುಂದಿನ ರಕ್ತ ಪರೀಕ್ಷೆಯಲ್ಲಿ ಬಿಲಿರುಬಿನ್ ಇಳಿದಿತ್ತು. ಸ್ವಲ್ಪವೇ. ಆದರೂ ಇಳಿದಿತ್ತು. ಡಾಕ್ಟರಮ್ಮ ಆ ದಿನ ನೋಡೋಣ ಎನ್ನಲಿಲ್ಲ, ತಲೆಯಾಡಿಸಿದರು. ನನಗೆ ಇನ್ನು ನೆಪ ಉಳಿಯಲಿಲ್ಲ.

ಮಧ್ಯಾಹ್ನ ಅವನು ದಿಂಬಿಗೆ ಒರಗಿ ಗಂಜಿ ಕುಡಿಯುತ್ತಿದ್ದ.

"ಸಮ್ಯಾ, ಒಂದು ಮಾತ ಹೇಳಬೇಕು."

"ಹೇಳು."

"ಹಿಡಿ ಅಕ್ಕಿಯೊಳಗ ನಿನಗೊಂದು ಪಾಲ ಕೊಡಬೇಕಂತ ಎಸ್ತೇರಬಾಯಿ ಹೇಳಿದ್ರು. ನಾನ ಬ್ಯಾಡ ಅಂದೆ. ನನ್ನಲ್ಲೇ ಉಣ್ತಾನ ಅಂತ ಸುಳ್ಳ ಹೇಳಿದೆ."

ಚಮಚ ಬಟ್ಟಲಿನಲ್ಲೇ ನಿಂತಿತು.

"ಒಂದ ಸಲ?"

"ಇಲ್ಲ. ಕೇಳಿದಾಗೊಮ್ಮೆ."

ಅವನು ಬಟ್ಟಲನ್ನು ನನ್ನ ಕೈಗೆ ಕೊಟ್ಟ. ಗೋಡೆಯ ಕಡೆ ತಿರುಗಿ ಮಲಗಿದ. ಪಕ್ಕದ ಹಾಸಿಗೆಯವರು ನೋಡುತ್ತಿದ್ದರು. ನಾನು ಬಟ್ಟಲು ಹಿಡಿದುಕೊಂಡೇ ನಿಂತಿದ್ದೆ. ಗಂಜಿ ತಣ್ಣಗಾದ ಮೇಲೆ ಗೋಡೆಯ ಕಡೆಯಿಂದಲೇ ಮಾತು ಬಂತು.

"ನೀ ಮನಿಗೆ ಹೋಗಕ್ಕಾ. ಇವತ್ತ ಎಸ್ತೇರಬಾಯಿ ಇರಲಿ."

ಹೋದೆ. ಬೀಗ ತೆಗೆದು ಒಳಗೆ ಕುಳಿತೆ. ಒಲೆ ಹಚ್ಚಲಿಲ್ಲ. ಅವನು ಸತ್ತರೆ ಹೇಗೆ ಎಂದು ಅಷ್ಟು ದಿನ ಹೆದರಿದ್ದವಳು, ಅವನು ಬದುಕಿ ನನ್ನ ಮುಖ ನೋಡದಿದ್ದರೆ ಹೇಗೆ ಎಂದು ಆ ದಿನ ಹೆದರಿದೆ. ಎರಡನೆಯದು ನನಗೆ ತಕ್ಕದ್ದೆಂದೂ ಅನ್ನಿಸಿತು.

ಮರುದಿನ ಹೋದಾಗ ಅವನು ಎದ್ದು ಕುಳಿತಿದ್ದ. ಎಸ್ತೇರಬಾಯಿ ನನ್ನನ್ನು ಕಂಡವರೇ ಚಹಾ ಕುಡಿದು ಬರುತ್ತೇನೆಂದು ಹೊರಗೆ ಹೋದರು. ನಾನು ಹಾಸಿಗೆಯ ಕಾಲಬದಿಗೆ ನಿಂತೆ.

"ಅಕ್ಕಾ," ಎಂದ. "ಆ ಅಕ್ಕಿ ಯಾವಾಗಿಂದ ಅಂದಿ?"

"ನೀ ಕೆಲಸಾ ಬಿಟ್ಟ ಮರುತಿಂಗಳಿಂದ."

"ಮೊದಲಿಂದನ?"

"ಮೊದಲಿಂದನ."

"ಎಸ್ತೇರಬಾಯಿಗೆ ನಾ ಹೇಳಿದ್ದೇನೂ ಇಲ್ಲ. ನೀನೂ ಹೇಳಿಲ್ಲ. ಅವರಿಗೆ ತಾನ ಮನಸಿಗೆ ಬಂತು?"

"ಪ್ರಾರ್ಥನಾದಾಗ ನಿನ್ನ ಹೆಸರ ಬಂತು ಅಂದಿದ್ರು."

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಭುಜ ಅಲುಗುತ್ತಿತ್ತು. ಅಳುತ್ತಿದ್ದಾನೆ ಎಂದುಕೊಂಡೆ. ಕೈ ತೆಗೆದಾಗ ನೋಡಿದೆ, ಅಳುವೂ ಇತ್ತು, ನಗುವೂ ಇತ್ತು.

"ನಿನಗ ಗೊತ್ತಿಲ್ಲಕ್ಕಾ. ಆ ಖೋಲ್ಯಾಗ ಕೂತು ದಿನಾ ಕೇಳ್ತಿದ್ದೆ. ಕೂಡಿಟ್ಟ ರೊಕ್ಕಾ ಖೋಲಿ ಬಾಡಿಗಿಗೆ ಹೋತು, ಹೊಸದಾಗಿ ಏನೂ ಬರಲಿಲ್ಲ. ಹಸಿವಿ ಹೆಂಗರ ತಡಕೋಬಹುದು. ಆದ್ರ ಕರದವನ ಸುಮ್ಮನ ಕೂತಾನ ಅಂದ್ರ ಏನ ತಿಳಕೋಬೇಕು? ಅವ ನನ್ನ ಕರದ ಇಲ್ಲ, ನಾನ ಏನೋ ಭ್ರಮಾದಾಗ ಬಂದೀನಿ ಅಂತ ತಿಳಕೊಂಡೆ. ಹಳೇ ಮ್ಯಾನೇಜರ್‌ಗೆ ಫೋನ್ ಮಾಡಿದ್ದೆ, ವಾಪಸ್ ಬರತೀನಿ ಅಂತ. ಹೂಂ ಅಂದಿದ್ರು. ಅಷ್ಟರಾಗ ಜ್ವರಾ ಬಂತು."

ಅಂದರೆ ನಾನು ಗೆದ್ದಿದ್ದೆ. ನಾನು ಬಯಸಿದ್ದು ನನಗೆ ತಿಳಿಯದೆಯೇ ನಡೆದುಹೋಗಿತ್ತು. ಅವನ ಹೊಟ್ಟೆಯನ್ನು ಮಾತ್ರ ಖಾಲಿ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವನೊಳಗಿನ ಕರೆಯನ್ನೂ ಹಿಡಿಹಿಡಿಯಾಗಿ ಖಾಲಿ ಮಾಡಿದ್ದೆ. ತನ್ನ ದೇವರು ತನ್ನನ್ನು ಮರೆತನೆಂದು ಒಬ್ಬ ಮನುಷ್ಯ ನಂಬುವಂತೆ ಮಾಡುವುದಕ್ಕಿಂತ ದೊಡ್ಡ ಕಳ್ಳತನ ಯಾವುದಿದೆಯೋ ನನಗೆ ಗೊತ್ತಿಲ್ಲ.

"ಅವ ಮೊದಲಿಂದನ ಕಳಿಸಿದ್ದ," ಎಂದ ಸಮುವೇಲ. ತನಗೆ ತಾನೇ ಹೇಳಿಕೊಂಡಂತೆ.

"ಕಳಿಸಿದ್ದ. ನಾನ ಬಾಗಲದಾಗ ನಿಂತಿದ್ದೆ."

"ನೀ ಮೊದಲ ದಪ್ಪ. ಹೆಂಗ ದಾಟಿ ಬರಬೇಕ ಪಾಪ ಅಕ್ಕಿ?"

ಪಕ್ಕದ ಹಾಸಿಗೆಯವರಿಗೆ ಕನ್ನಡ ಬಾರದಿದ್ದರೂ ನಾವಿಬ್ಬರೂ ನಗುವುದನ್ನು ನೋಡಿ ಅವರೂ ನಕ್ಕರು. ನಾನು ನಗುತ್ತಲೇ ಅತ್ತುಬಿಟ್ಟೆ. ಅವನು ಸಮಾಧಾನ ಮಾಡಲಿಲ್ಲ. ಅಳು ಮುಗಿಯುವವರೆಗೆ ಬಿಟ್ಟ.

"ನನ್ನ ಮ್ಯಾಲೆ ಸಿಟ್ಟಿಲ್ಲೇನು?"

"ಐತಿ. ಭಾಳ ಐತಿ. ಇರಲಿ ಸ್ವಲ್ಪ ದಿನ."

ಆಮೇಲೆ ಅವನೂ ಒಂದು ಮಾತು ಹೇಳಿದ. ಶೆಡ್ಡಿನಲ್ಲಿ ಹುಲಿಗೆಮ್ಮ ಎಂಬ ಹೆಂಗಸಿದ್ದಾಳೆ, ಇಟ್ಟಿಗೆ ಹೊರುವವಳು. ಅವಳು ಎಷ್ಟೋ ಸಲ ರೊಟ್ಟಿ ಹಿಡಿದು ಬಂದು, "ಅಪ್ಪಾ, ಒಂದ ತಿನ್ನರಿ," ಎಂದು ಕೇಳಿದ್ದಳಂತೆ. ಅವಳ ಮಕ್ಕಳ ಪಾಲೆಂದು ಇವನು, ಊಟವಾಗಿದೆ ಎಂದು ಸುಳ್ಳು ಹೇಳಿ ಕಳಿಸುತ್ತಿದ್ದ.

"ಅದನ್ನೂ ಅವನ ಕಳಿಸಿದ್ನೇನೋ," ಎಂದ. "ದೊಡ್ಡವರ ಕಡಿಯಿಂದ ಬರತೈತಿ ಅಂತ ಕಾಯಾಕತ್ತಿದ್ದೆ. ನಂಬಿಕಿ ಅಂದ್ಕೊಂಡಿದ್ದೆ ನಾ. ಅರ್ಧಾ ಹಟ ಇತ್ತು. ನಾವಿಬ್ಬರೂ ಆ ಹಟಮಾರಿ ಅಪ್ಪನ ಮಕ್ಕಳ, ಏನ ಮಾಡೂದು."

ಬಿಲಿರುಬಿನ್ ಇಳಿಯುತ್ತ ಹೋಯಿತು. ಕಣ್ಣಿನ ಹಳದಿ ಮೊದಲು ಮೂಲೆಗಳಿಂದ ಹೋಯಿತು. ಮಾತ್ರೆಗಳನ್ನು ಒಂದೊಂದಾಗಿ, ಸಣ್ಣ ಪ್ರಮಾಣದಿಂದ ಮತ್ತೆ ಶುರು ಮಾಡಿದರು. ಒಂದು ಮಾತ್ರೆ, ರಕ್ತ ಪರೀಕ್ಷೆ, ಕಾಯುವುದು. ಇನ್ನೊಂದು ಮಾತ್ರೆ, ಮತ್ತೆ ರಕ್ತ, ಮತ್ತೆ ಕಾಯುವುದು. ರಿಪೋರ್ಟಿನ ಇಂಗ್ಲಿಷ್ ನನಗೆ ಓದಲು ಬಾರದು. ಡಾಕ್ಟರಮ್ಮನ ಹುಬ್ಬನ್ನು ಓದಲು ಕಲಿತೆ. ಹುಬ್ಬು ಏಳದೆ ಕಾಗದ ಕೆಳಗೆ ಬಂದರೆ ನನ್ನ ಉಸಿರೂ ಕೆಳಗೆ ಬರುತ್ತಿತ್ತು. ಒಂದು ಮಾತ್ರೆಯನ್ನು ಪೂರ್ತಿ ಕೈಬಿಟ್ಟರು, ಉಳಿದವು ಒಗ್ಗಿದವು. ಡಿಸ್ಚಾರ್ಜ್ ದಿನ ಅವರು ಸಮುವೇಲನಿಗೆ ಬೆರಳು ತೋರಿಸಿ ಹೇಳಿದರು, "ಉಪವಾಸ ಪ್ರಾರ್ಥನೆ ಎಲ್ಲ ಸದ್ಯಕ್ಕೆ ನಿಮ್ಮ ಅಕ್ಕನಿಗೆ ಬಿಡಿ." ಅವರಿಗೆ ಏನೂ ಗೊತ್ತಿರಲಿಲ್ಲ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹೆಂಗಸರ ಕೂಟದಲ್ಲಿ ನಾನು ಎದ್ದು ನಿಂತು ಹೇಳಿದೆ. ಅದು ಆಸ್ಪತ್ರೆಯಲ್ಲಿ ಹೇಳಿದ್ದಕ್ಕಿಂತ ಕಷ್ಟವಾಗಿತ್ತು, ಯಾಕೆಂದರೆ ಅಲ್ಲಿ ಕುಳಿತವರೆಲ್ಲ ತಮ್ಮ ಮಕ್ಕಳ ಅನ್ನದಿಂದ ತೆಗೆದ ಅಕ್ಕಿಯನ್ನು ನನ್ನ ಕೈಗೆ ನಂಬಿ ಕೊಟ್ಟವರು. ಇಬ್ಬರು ಮುಖ ತಿರುಗಿಸಿದರು. ಒಬ್ಬಳು, "ತಮ್ಮಗ ಹಿಂಗ ಮಾಡಿದಾಕಿ ನಮಗ ಏನ ಅಳದಿರಬೇಕು," ಎಂದು ನನಗೆ ಕೇಳಿಸುವಂತೆಯೇ ಹೇಳಿದಳು. ಅಳತೆಯಲ್ಲಿ ನಾನು ಯಾರಿಗೂ ಮೋಸ ಮಾಡಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಎಸ್ತೇರಬಾಯಿ, "ಸಾಕು, ಕೂಡು," ಎಂದರು. ಪಾಲು ಮಾಡುವ ಕೆಲಸ ಈಗ ಬೇರೆಯವರದು. ನಾನು ಉಳಿದ ಹೆಂಗಸರಂತೆ ಚೀಲ ತಂದು ಸುರಿದು ಬರುತ್ತೇನೆ. ಅದು ಸರಿಯಾಗಿದೆ.

ಸಮುವೇಲ ಮ್ಯಾನೇಜರಿಗೆ ಫೋನ್ ಮಾಡಿ ಬರುವುದಿಲ್ಲ ಎಂದ. ಈ ಸಲ ನನ್ನ ಮುಂದೆಯೇ ಮಾಡಿದ. ಮೈಯಲ್ಲಿ ಬಲ ಬಂದ ಮೇಲೆ ಉಪ್ಪಲ್‌ನ ಅದೇ ಖೋಲಿಗೆ ಹೋದ. ನಾನು ತಡೆಯಲಿಲ್ಲ. ಅವನ ಹಾದಿ ನನಗೆ ಈಗಲೂ ಪೂರ್ತಿ ಅರ್ಥವಾಗಿದೆ ಎನ್ನಲಾರೆ. ತಿಂಗಳ ಪಗಾರವಿಲ್ಲದೆ ಒಬ್ಬ ಮನುಷ್ಯ ನೆಮ್ಮದಿಯಿಂದ ಹೇಗೆ ಮಲಗುತ್ತಾನೆ ಎಂದು ಕೆಲವು ದಿನ ಮತ್ತೆ ಯೋಚನೆಗೆ ಬೀಳುತ್ತೇನೆ. ಆದರೆ ದೇವರು ಒದಗಿಸುತ್ತಾನೋ ಇಲ್ಲವೋ ಎಂದು ಮಾತ್ರ ನಾನು ಇನ್ನು ಕೇಳುವುದಿಲ್ಲ. ಕೇಳುವ ಮೊದಲು ಎಲ್ಲಿ ನಿಂತಿದ್ದೇನೆ ಎಂದು ನೋಡಿಕೊಳ್ಳುತ್ತೇನೆ.

ಮಾತ್ರೆಗಳು ಇನ್ನೂ ಮುಗಿದಿಲ್ಲ. ಹಿಂದಿನ ಸಲದ ಎಕ್ಸ್‌ರೇಯಲ್ಲಿ ಬಲಗಡೆ ಕಪ್ಪಾಗಿದೆ, ಕೆಳಗಿನ ಮೂಲೆಯಲ್ಲಿ ಮಾತ್ರ ಒಂದು ಬಿಳಿ ಗೆರೆ. ಅದು ಹಾಗೇ ಉಳಿಯಬಹುದು, ತೊಂದರೆಯಿಲ್ಲ ಎಂದಿದ್ದಾರೆ. ಅವನಿಗೆ ನನ್ನ ಮೇಲಿನ ಸಿಟ್ಟೂ ಪೂರ್ತಿ ಹೋಗಿಲ್ಲ. ಕೆಲವು ಭಾನುವಾರ ಮಾತು ಚಿಕ್ಕದಾಗುತ್ತದೆ. ನಾನು ಕಾಯುತ್ತೇನೆ. ಮೆಸ್ಸಿಗೆ ಹೊಸ ಹುಡುಗರು ಬಂದಿದ್ದಾರೆ.

ಮೊನ್ನೆ ಬೆಳಿಗ್ಗೆ ಹುಡುಗರು ಉಂಡು ಹೋದ ಮೇಲೆ ಪಾತ್ರೆ ತೊಳೆಯುತ್ತಿದ್ದೆ. ಫೋನ್ ಬಂತು. ಉಪ್ಪಲ್‌ನ ಅಂಗಡಿಯೊಂದರ ನಾಣ್ಯ ಹಾಕುವ ಫೋನಿನಿಂದ ಸಮುವೇಲ. ಹಿಂದೆ ಲಾರಿಗಳ ಸದ್ದು.

"ಅಕ್ಕಾ, ಹುಲಿಗೆಮ್ಮಗ ಜ್ವರಾ. ಕೆಮ್ಮೂ ಐತಿ. ಆಕೀನ್ನ ಆಸ್ಪತ್ರಿಗೆ ಕರಕೊಂಡ ಹೊಂಟೀನಿ. ಇಬ್ಬರು ಮಕ್ಕಳದಾರ. ಮಧ್ಯಾಹ್ನದ ಊಟಾ ಬೇಕು."

"ಎಷ್ಟ ಮಂದಿಗೆ ಮಾಡ್ಲಿ?"

ಆಚೆ ಕಡೆ ಲಾರಿಯೊಂದು ಹಾದುಹೋಯಿತು.

"ನಾಕ ಮಂದಿಗೆ," ಎಂದ. "ನನ್ನೂ ಹಿಡದು."

ನಾನು ಕೈ ಒರೆಸಿಕೊಂಡು ಅಕ್ಕಿ ತೊಳೆಯಲು ಹೋದೆ.